ಹೊಸ್ತಿಲಲ್ಲಿ ನಿಂತವರು



ಚಳ್ಳಕೆರೆ ತಾಲ್ಲೂಕಿನಲ್ಲಿ ಕಸಬಾ, ನಾಯಕನಹಟ್ಟಿ, ತಳಕು, ಪರಶುರಾಂಪುರ ಎಂಬ ನಾಲ್ಕು ಹೋಬಳಿಗಳಿವೆ. ನೆರೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವುದು ಕಸಬಾ ಮತ್ತು ದೇವಸಮುದ್ರ ಎಂಬ ಎರಡೇ ಹೋಬಳಿಗಳು. ಶಾಲಾ ಮಕ್ಕಳ ಕ್ರೀಡಾಕೂಟಗಳ ಕಾಲ ಬಂತೆಂದರೆ ಈ ಎರಡೂ ತಾಲ್ಲೂಕುಗಳ ಬಯಲುಗಳಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ಹೋಬಳಿಯಲ್ಲಿ ಗೆದ್ದ ಕಬಡ್ಡಿ ಅಥವಾ ಖೋಖೋ ತಂಡ ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದದ್ದು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಮುಂದೆ ರಾಜ್ಯಮಟ್ಟಕ್ಕೆ ಏರಬೇಕೆಂಬುದು ನಮಗೆಲ್ಲ ಪರಿಚಿತವಾದ ಕ್ರಮ. ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳಿಗೂ ಜಿಲ್ಲಾಕೂಟಕ್ಕೆ ಸಾಮಾನ್ಯವಾಗಿ ಒಂದೊಂದೇ ಬಾಗಿಲು.

ಈ ಸರಳ ಕ್ರಮದೊಳಗೆ ಒಂದು ಕಠಿಣ ಪ್ರಶ್ನೆ ಅಡಗಿದೆ. ನಾಲ್ಕು ಹೋಬಳಿಗಳ ದೊಡ್ಡ ತಾಲ್ಲೂಕಿನಲ್ಲಿ ಒಂದು ತಂಡ ಅಂತಿಮ ಪಂದ್ಯದವರೆಗೆ ಬಂದು, ಒಂದೇ ಅಂಕದಿಂದ ಸೋತು ಊರಿಗೆ ಮರಳುತ್ತದೆ ಎಂದಿಟ್ಟುಕೊಳ್ಳಿ. ಎರಡು ಹೋಬಳಿಗಳ ಸಣ್ಣ ತಾಲ್ಲೂಕಿನಲ್ಲಿ ಗೆದ್ದ ತಂಡ ಜಿಲ್ಲೆಗೆ ಹೋಗುತ್ತದೆ. ಇವೆರಡೂ ಎದುರುಬದುರಾದರೆ ಸೋತು ಮರಳಿದ ತಂಡವೇ ಗೆಲ್ಲಬಹುದೆಂದು ಆಟ ಬಲ್ಲವರೆಲ್ಲ ಹೇಳಿದರೂ ಬಾಗಿಲು ಅದಕ್ಕೆ ತೆರೆಯುವುದಿಲ್ಲ. ಇದು ನ್ಯಾಯವೇ? ಜಿಲ್ಲೆಗೆ ಹೋಗಲು ನಿಜವಾಗಿ ಅರ್ಹರು ಯಾರು?

ಮೊದಲ ಸ್ಥಾನದ ಬಗ್ಗೆ ಜಗಳಗಳು ಅಪರೂಪ. ಕಟ್ಟಕಡೆಯವರ ಬಗ್ಗೆಯೂ ಯಾರೂ ವಾದಿಸುವುದಿಲ್ಲ. ವಾದ, ಕಣ್ಣೀರು, ಕಹಿ ಎಲ್ಲವೂ ಹುಟ್ಟುವುದು ಹೊಸ್ತಿಲಿನ ಬಳಿ. ಒಳಗೆ ಬಂದ ಕೊನೆಯವನಿಗೂ ಹೊರಗುಳಿದ ಮೊದಲನೆಯವನಿಗೂ ನಡುವೆ. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಈ ಹೊಸ್ತಿಲು ನಿಮಗೆ ಹೊಸದಲ್ಲ. ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿಗೆ ಜಿಲ್ಲೆಯ ಒಂದು ಶಾಲೆಯಲ್ಲಿ ಸೇರಬಹುದಾದ ಮಕ್ಕಳು ಗರಿಷ್ಠ 80. ಎಂಬತ್ತನೆಯ ಮಗುವಿನ ಮನೆಯಲ್ಲಿ ಅಂದು ಸಿಹಿ ಹಂಚುತ್ತಾರೆ. ಎಂಬತ್ತೊಂದನೆಯ ಮಗುವಿನ ಮನೆಯಲ್ಲಿ ಒಲೆ ಹೊತ್ತಿಸುವ ಮನಸ್ಸೂ ಇರುವುದಿಲ್ಲ. ಆ ಇಬ್ಬರು ಮಕ್ಕಳ ಬುದ್ಧಿಯ ನಡುವೆ ಅಷ್ಟು ದೊಡ್ಡ ಅಂತರವಿದೆಯೇ? ಆದ್ದರಿಂದ ಆಟದ ನೆಪದಲ್ಲಿ ಈ ಪ್ರಶ್ನೆಯನ್ನು ತುಸು ನಿಧಾನವಾಗಿ ಪರಿಶೀಲಿಸೋಣ.

ದೂರದ ದೇಶದ ಒಂದು ವಾಗ್ವಾದ

ಅಮೆರಿಕದಲ್ಲಿ ಪ್ರತಿ ಮಾರ್ಚ್ ತಿಂಗಳಲ್ಲಿ ವಿಶ್ವವಿದ್ಯಾಲಯಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. ಈ ಆಟವನ್ನು 1891ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ, ಪೀಚ್ ಹಣ್ಣಿನ ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಹೊಡೆದು ಆರಂಭಿಸಿದ ಜೇಮ್ಸ್ ನೈಸ್ಮಿತ್ ದೈವಶಾಸ್ತ್ರ ಓದಿದವರಾಗಿದ್ದರು. 1939ರ ಮೊದಲ ಪಂದ್ಯಾವಳಿಯಲ್ಲಿ ಆಡಿದ್ದು 8 ತಂಡಗಳು. 1985ರಲ್ಲಿ ಅವು 64 ಆದವು, 2011ರಲ್ಲಿ 68. ಆ ವರ್ಷ 31 ತಂಡಗಳು ತಮ್ಮ ತಮ್ಮ ಪ್ರಾದೇಶಿಕ ಕೂಟಗಳನ್ನು ಗೆದ್ದು ನೇರವಾಗಿ ಪ್ರವೇಶ ಪಡೆದವು. ಉಳಿದ 37 ತಂಡಗಳನ್ನು ಒಂದು ಸಮಿತಿ ಕೋಣೆಯೊಳಗೆ ಕುಳಿತು ಆರಿಸಿತು. ಆ ಮೂವತ್ತೇಳರ ಅಂಚಿನಲ್ಲಿ ನಿಲ್ಲುವ ತಂಡಗಳನ್ನು ಅಲ್ಲಿಯ ಜನ ನೀರಿನ ಗುಳ್ಳೆಗೆ ಹೋಲಿಸುತ್ತಾರೆ; ಯಾವ ಗಳಿಗೆಯಲ್ಲಿ ಒಡೆಯುವುದೋ ಹೇಳಲಾಗದು.

ಅಲ್ಲಿಯ ವಾದವೂ ನಮ್ಮ ಚಳ್ಳಕೆರೆ-ಮೊಳಕಾಲ್ಮೂರಿನ ವಾದವೇ. ಬಲಿಷ್ಠ ತಂಡಗಳ ನಡುವೆ ಆಡಿ ಅನೇಕ ಬಾರಿ ಸೋತ ತಂಡ ಮೇಲೋ, ದುರ್ಬಲರ ನಡುವೆ ಆಡಿ ಹೆಚ್ಚು ಗೆದ್ದ ತಂಡ ಮೇಲೋ? 2011ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ತಂಡ ತನ್ನ ಪ್ರಾದೇಶಿಕ ಕೂಟದ ಅಂತಿಮ ಪಂದ್ಯದಲ್ಲಿ ಸೋತಿತ್ತು. ಆದರೂ ಸಮಿತಿ ಅದನ್ನು ಕೊನೆಯ ಕೆಲವು ತಂಡಗಳಲ್ಲಿ ಒಂದಾಗಿ ಒಳಗೆ ಕರೆದಾಗ, ದೂರದರ್ಶನದ ವಿಶ್ಲೇಷಕರು ಬಹಿರಂಗವಾಗಿಯೇ ಅಸಮಾಧಾನ ವ್ಯಕ್ತಪಡಿಸಿದರು. ಆ ತಂಡ ಸತತವಾಗಿ ಐದು ಪಂದ್ಯಗಳನ್ನು ಗೆದ್ದು ಅಂತಿಮ ನಾಲ್ಕರ ಘಟ್ಟ ತಲುಪಿತು.

"ಹಾಗಾದರೆ ಸಮಿತಿಯ ತೀರ್ಮಾನ ಸರಿಯಾಗಿತ್ತೆಂದು ಸಾಬೀತಾಯಿತಲ್ಲ" ಎಂದು ನೀವು ಹೇಳಬಹುದು. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಒಳಗೆ ಬಂದವರು ಗೆದ್ದು ತೋರಿಸಿದರು, ನಿಜ. ಹೊರಗುಳಿದವರಿಗೆ ತೋರಿಸಲು ಅಂಗಳವೇ ಸಿಗಲಿಲ್ಲ. ಅವಕಾಶ ಪಡೆದವನ ಸಾಧನೆಯು ಅವಕಾಶ ವಂಚಿತನ ಅಸಾಮರ್ಥ್ಯಕ್ಕೆ ಸಾಕ್ಷಿಯಾಗಲಾರದು. ನಾವು ನಿತ್ಯಜೀವನದಲ್ಲಿ ಈ ತಪ್ಪು ತರ್ಕವನ್ನು ಎಷ್ಟು ಸುಲಭವಾಗಿ ಬಳಸುತ್ತೇವೆ! ಸೀಟು ಸಿಕ್ಕಿದ ಹುಡುಗ ಎಂಜಿನಿಯರ್ ಆದಾಗ, "ನೋಡಿ, ಯೋಗ್ಯನಿಗೇ ಸಿಕ್ಕಿತು" ಎನ್ನುತ್ತೇವೆ. ಸಿಗದ ಹುಡುಗಿಗೆ ಸಿಕ್ಕಿದ್ದರೆ ಆಕೆ ಏನಾಗುತ್ತಿದ್ದಳೆಂಬುದು ಮನುಷ್ಯರ ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಅರ್ಹತೆ ಎಂಬ ಒಂದು ಪದ, ಮೂರು ಅರ್ಥ

ಈ ವಾಗ್ವಾದಗಳು ಮುಗಿಯದಿರುವುದಕ್ಕೆ ಮುಖ್ಯ ಕಾರಣವೆಂದರೆ 'ಅರ್ಹತೆ' ಎಂಬ ಒಂದೇ ಪದದಲ್ಲಿ ನಾವು ಮೂರು ಬೇರೆ ಬೇರೆ ವಿಷಯಗಳನ್ನು ತುಂಬಿಟ್ಟಿರುವುದು. ಒಂದು ಸಾಮರ್ಥ್ಯ: ನಾಳೆ ಆಡಿದರೆ ಗೆಲ್ಲುವವರು ಯಾರು? ಎರಡನೆಯದು ಸಾಧನೆ: ಇದುವರೆಗೆ ದುಡಿದು ಗಳಿಸಿದವರು ಯಾರು? ಮೂರನೆಯದು ಹಕ್ಕು: ಮೊದಲೇ ಸಾರಿದ ನಿಯಮದ ಪ್ರಕಾರ ಸ್ಥಾನ ಸಲ್ಲಬೇಕಾದದ್ದು ಯಾರಿಗೆ? ಈ ಮೂರೂ ಒಬ್ಬರಲ್ಲೇ ಸೇರಿದಾಗ ಪ್ರಶ್ನೆ ಏಳುವುದಿಲ್ಲ. ಹೊಸ್ತಿಲಿನಲ್ಲಿ ಅವು ಬೇರೆಯಾಗುತ್ತವೆ. ಆಗ ನಾವು ನಮ್ಮ ಕಡೆಯವರಿಗೆ ಯಾವ ಅರ್ಥ ಅನುಕೂಲವೋ ಅದನ್ನೇ ಹಿಡಿದು ವಾದಿಸುತ್ತೇವೆ; ಮುಂದಿನ ವರ್ಷ ಅನುಕೂಲ ಬದಲಾದರೆ ಅರ್ಥವನ್ನೂ ಬದಲಾಯಿಸುತ್ತೇವೆ.

ನಮ್ಮ ಯುವಕರು ಇನ್ನೂ ಮರೆಯದ ಒಂದು ರಾತ್ರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. 2024ರ ಐಪಿಎಲ್ ಪಂದ್ಯಾವಳಿಯಲ್ಲಿ ಬೆಂಗಳೂರು ತಂಡ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತ್ತು. ಅನಂತರ ಸತತ ಆರು ಗೆದ್ದಿತು. ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈ ತಂಡದ ವಿರುದ್ಧ ನಡೆದದ್ದು ಆ ಆರನೆಯ ಗೆಲುವು. ಬೆಂಗಳೂರಿನ ಮೊತ್ತ 218. ಚೆನ್ನೈ ಗೆಲ್ಲಲು 219 ಬೇಕಿತ್ತು. ಆದರೆ ಸೋತರೂ 201 ತಲುಪಿದರೆ ಮುಂದಿನ ಘಟ್ಟಕ್ಕೆ ಚೆನ್ನೈ ತಂಡವೇ ಹೋಗುತ್ತಿತ್ತು. ಕೊನೆಯ ಓವರಿನಲ್ಲಿ ಗೆಲ್ಲಲು 35 ಓಟಗಳು, ಒಳಸೇರಲು 17 ಓಟಗಳು. ಬಂದದ್ದು 7. ಬೆಂಗಳೂರು 27 ಓಟಗಳಿಂದ ಗೆದ್ದಿತು. ಲೀಗ್ ಹಂತ ಮುಗಿದಾಗ ಬೆಂಗಳೂರು, ಚೆನ್ನೈ, ದೆಹಲಿ, ಲಖನೌ ನಾಲ್ಕೂ ತಂಡಗಳ ಬಳಿ ತಲಾ ಏಳು ಗೆಲುವು, 14 ಅಂಕಗಳಿದ್ದವು. ನಾಲ್ಕನೆಯ ಸ್ಥಾನವನ್ನು ನಿರ್ಧರಿಸಿದ್ದು ನಿವ್ವಳ ರನ್ ದರ, ಅಂದರೆ ಪ್ರತಿ ಓವರಿಗೆ ಗಳಿಸಿದ ಓಟಗಳ ಸರಾಸರಿಯಿಂದ ಬಿಟ್ಟುಕೊಟ್ಟ ಓಟಗಳ ಸರಾಸರಿಯನ್ನು ಕಳೆದಾಗ ಉಳಿಯುವ ಸಂಖ್ಯೆ. ಬೆಂಗಳೂರಿನದು 0.459, ಚೆನ್ನೈನದು 0.392.

ಈಗ ಯೋಚಿಸಿ. ಸಾಮರ್ಥ್ಯವನ್ನೇ ನೋಡಿದರೆ, ಆರು ಪಂದ್ಯ ಸತತವಾಗಿ ಗೆದ್ದ ತಂಡವೇ ಮುಂದೆ ಹೋಗಬೇಕು. ಸಾಧನೆಯನ್ನು ನೋಡಿದರೆ ನಾಲ್ವರೂ ಸಮಾನರು. ಏಪ್ರಿಲ್‌ನ ಗೆಲುವಿಗಿಂತ ಮೇ ತಿಂಗಳ ಗೆಲುವು ಹೆಚ್ಚು ತೂಗುವುದಿಲ್ಲ. ಹಕ್ಕನ್ನು ನೋಡಿದರೆ 0.067ರಷ್ಟು ಅಂತರ ಸಾಕು. ಆ ರಾತ್ರಿ ಚೆನ್ನೈ ಇನ್ನೊಂದು ಹತ್ತು ಓಟ ಗಳಿಸಿದ್ದರೆ, ಬೆಂಗಳೂರಿನ ಅಭಿಮಾನಿಗಳು "ಗೆದ್ದವರನ್ನು ಹೊರಗಟ್ಟಿ ಸೋತವರನ್ನು ಒಳಗೆ ಕರೆಯುವ ನಿಯಮ ಅದೆಂಥದು!" ಎಂದು ಕೂಗುತ್ತಿದ್ದರು. ನಿಯಮ ಅದೇ ಇರುತ್ತಿತ್ತು; ಅದರ ಮೇಲಿನ ನಮ್ಮ ಗೌರವ ಮಾತ್ರ ಬದಲಾಗುತ್ತಿತ್ತು.

ಅಳತೆಗೋಲು ಮೊಂಡಾಗುವಲ್ಲಿ

ನಮ್ಮ ನಾಡಿನಲ್ಲಿ ಅರ್ಹತೆಯ ಕುರಿತು ಒಂದು ಮಾತು ಎಲ್ಲರ ನಾಲಗೆಯ ಮೇಲಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಂದಿಗೆ ಬೆಸೆದುಕೊಂಡಿರುವ 'ಮಾಡಿದಷ್ಟು ನೀಡು ಭಿಕ್ಷೆ' ಎಂಬುದೇ ಆ ಮಾತು. ಕೆರೆಗಳನ್ನು ಕಟ್ಟಿಸಿದ ಆ ಸಂತರ ನೆನಪಿನಲ್ಲಿ ಈ ಬರದ ಸೀಮೆಯ ಜನ ದುಡಿಮೆಯ ಘನತೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಮಾಡಿದ ಕೆಲಸಕ್ಕೆ ತಕ್ಕ ಪಾಲು ಸಲ್ಲಬೇಕೆಂಬ ಈ ಮಾತಿಗಿಂತ ನೇರವಾದ ನ್ಯಾಯಸೂತ್ರ ಬೇರೆ ಯಾವುದಿದೆ?

ಆದರೆ ಈ ಸೂತ್ರ ನಡೆಯಬೇಕಾದರೆ ಮಾಡಿದ್ದೆಷ್ಟು ಎಂಬುದು ಅಳತೆಗೆ ಸಿಗಬೇಕು. ಕೆರೆಯ ಏರಿಗೆ ಹೊತ್ತ ಮಣ್ಣನ್ನು ಬುಟ್ಟಿಯಲ್ಲಿ ಎಣಿಸಬಹುದು. ಚಳ್ಳಕೆರೆಯ ಮಾರುಕಟ್ಟೆಗೆ ಶೇಂಗಾ ಒಯ್ದ ರೈತರಿಗೆ ಇನ್ನೊಂದು ಬಗೆಯ ಅಳತೆಯೂ ಗೊತ್ತು. ಖರೀದಿದಾರ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ನಾಲ್ಕು ಕಾಯಿ ಸುಲಿದು ಕಾಳು ನೋಡುತ್ತಾನೆ, ಬೆಲೆ ಹೇಳುತ್ತಾನೆ. ಒಳ್ಳೆಯ ಮಾಲನ್ನೂ ಜೊಳ್ಳನ್ನೂ ಬೇರ್ಪಡಿಸಲು ಆ ಒಂದು ಹಿಡಿ ಸಾಕು. ಹೆಚ್ಚುಕಡಿಮೆ ಒಂದೇ ಗುಣದ ಎರಡು ರಾಶಿಗಳಲ್ಲಿ ಯಾವುದು ಕೂದಲೆಳೆಯಷ್ಟು ಮೇಲು ಎಂದು ಹೇಳಲು ಅದು ಸಾಲದು. ಕೈ ಯಾವ ಜಾಗಕ್ಕೆ ಬಿತ್ತೋ ಅದರ ಮೇಲೆ ಹೋಗುತ್ತದೆ.

ಆಟದ ಆಯ್ಕೆಯೂ ಹೀಗೆಯೇ. ಒಂದು ಕಬಡ್ಡಿ ಪಂದ್ಯ ಒಂದು ಹಿಡಿ ಶೇಂಗಾ ಇದ್ದಂತೆ. ಹತ್ತು ಅಂಕಗಳ ಅಂತರ ಏನನ್ನೋ ಹೇಳುತ್ತದೆ. ಒಂದು ಅಂಕದ ಅಂತರ ಹೇಳುವುದು ಬಹಳ ಕಡಿಮೆ. ಅಂಚಿನಲ್ಲಿ ನಿಂತ ಇಬ್ಬರ ನಡುವಿನ ವ್ಯತ್ಯಾಸ ನಮ್ಮ ಅಳತೆಗೋಲಿನ ಅತಿ ಚಿಕ್ಕ ಗೆರೆಗಿಂತಲೂ ಚಿಕ್ಕದಾದಾಗ, 'ಅರ್ಹರು ಗೆದ್ದರು' ಎಂಬ ಹೇಳಿಕೆ ಪ್ರಾಮಾಣಿಕವಾದುದಲ್ಲ. 'ಎಲ್ಲೋ ಒಂದು ಗೆರೆ ಎಳೆಯಬೇಕಿತ್ತು, ಎಳೆದೆವು' ಎಂಬುದೇ ಪ್ರಾಮಾಣಿಕ ಹೇಳಿಕೆ.

2019ರ ವಿಶ್ವಕಪ್ ಕ್ರಿಕೆಟ್ ಇದನ್ನು ಮನಮುಟ್ಟುವಂತೆ ತೋರಿಸಿತು. ನ್ಯೂಜಿಲೆಂಡ್ ಮತ್ತು ಪಾಕಿಸ್ತಾನ ತಂಡಗಳೆರಡೂ ತಲಾ ಐದು ಪಂದ್ಯಗಳನ್ನು ಗೆದ್ದು 11 ಅಂಕ ಗಳಿಸಿದವು. ಪರಸ್ಪರ ಆಡಿದ ಪಂದ್ಯದಲ್ಲಿ ಗೆದ್ದದ್ದು ಪಾಕಿಸ್ತಾನ; ರನ್ ದರದ ಬಲದಿಂದ ಸೆಮಿಫೈನಲ್ ತಲುಪಿದ್ದು ನ್ಯೂಜಿಲೆಂಡ್. ಅದೇ ನ್ಯೂಜಿಲೆಂಡ್ ಜುಲೈ 14ರಂದು ಲಾರ್ಡ್ಸ್ ಅಂಗಳದ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನೊಂದಿಗೆ ಸಮಬಲ ಸಾಧಿಸಿತು. ಸೂಪರ್ ಓವರ್ ಕೂಡ ಸಮವಾಯಿತು. ಬೌಂಡರಿಗಳನ್ನು ಎಣಿಸಿದಾಗ ಇಂಗ್ಲೆಂಡಿನವು 26, ನ್ಯೂಜಿಲೆಂಡಿನವು 17. ಕಪ್ಪು ಇಂಗ್ಲೆಂಡಿಗೆ ಹೋಯಿತು. ಒಂದು ನಿಯಮದ ಕೈಯಿಂದ ಪಡೆದ ತಂಡ ಇನ್ನೊಂದು ನಿಯಮದ ಕೈಯಲ್ಲಿ ಕಳೆದುಕೊಂಡಿತು. ಬೌಂಡರಿ ಎಣಿಸುವ ನಿಯಮ ಸರಿಯಲ್ಲವೆಂದು ಲೋಕವೆಲ್ಲ ಆಡಿಕೊಂಡಿತು. ಅದೇ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಡಲಾಯಿತು. ಗಮನಿಸಿ: ನಿಯಮ ಬದಲಾದದ್ದು ಆಟ ಮುಗಿದ ಮೇಲೆ, ಮುಂದಿನವರಿಗಾಗಿ. ನಡುವೆ ಬದಲಾಯಿಸಿದ್ದರೆ, ಹೊಸ ನಿಯಮ ಎಷ್ಟೇ ಉತ್ತಮವಾಗಿದ್ದರೂ ಅದು ಅನ್ಯಾಯವೇ ಆಗುತ್ತಿತ್ತು.

ಚಿಕ್ಕವರಿಗೂ ಒಂದು ಬಾಗಿಲು

ಮೊದಲಿನ ಪ್ರಶ್ನೆಗೆ ಬರೋಣ. ಸಾಮರ್ಥ್ಯವೊಂದೇ ಅಳತೆಯಾದರೆ ಚಳ್ಳಕೆರೆಯ ಎರಡನೆಯ ತಂಡವನ್ನು ಬಿಟ್ಟು ಮೊಳಕಾಲ್ಮೂರಿನ ಮೊದಲ ತಂಡವನ್ನು ಕರೆಯುವುದು ತಪ್ಪಾಗಬಹುದು. ಆದರೆ ಅಳತೆ ಯಾವುದಿರಬೇಕೆಂದು ನಿರ್ಧರಿಸುವುದು ಉದ್ದೇಶ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಒಂದು ಉದಾಹರಣೆ ಕೊಡುತ್ತಾನೆ: ಒಳ್ಳೆಯ ಕೊಳಲುಗಳನ್ನು ಹಂಚಬೇಕಾದರೆ ಕುಲೀನರಿಗೂ ಅಲ್ಲ, ರೂಪವಂತರಿಗೂ ಅಲ್ಲ, ಚೆನ್ನಾಗಿ ನುಡಿಸಬಲ್ಲವರಿಗೇ ಕೊಡಬೇಕು, ಕೊಳಲು ಇರುವುದೇ ನುಡಿಸುವುದಕ್ಕಾಗಿ. ಈ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಕಛೇರಿ ನಡೆಸುವುದು ಉದ್ದೇಶವಾದರೆ ಕೊಳಲು ಪಂಡಿತನ ಕೈಗೆ. ಕೊಳಲು ಕಲಿಸುವುದು ಉದ್ದೇಶವಾದರೆ ಅದು ವಿದ್ಯಾರ್ಥಿಯ ಕೈಗೆ.

ಶಾಲಾ ಕ್ರೀಡಾಕೂಟದ ಉದ್ದೇಶವೇನು? ರಾಜ್ಯದ ಅತ್ಯುತ್ತಮ ತಂಡವನ್ನು ಹುಡುಕುವುದು ಒಂದು ಉದ್ದೇಶ, ಒಪ್ಪೋಣ. ಎಲ್ಲ ಮೂಲೆಯ ಮಕ್ಕಳೂ ಆಟಕ್ಕೆ ಇಳಿಯಬೇಕು, ತಮ್ಮ ಊರಿನ ಹೆಸರು ಹೊತ್ತು ಜಿಲ್ಲಾ ಕ್ರೀಡಾಂಗಣದಲ್ಲಿ ಒಮ್ಮೆ ನಿಲ್ಲಬೇಕು ಎಂಬುದು ಇನ್ನೊಂದು. ಪ್ರತಿ ತಾಲ್ಲೂಕಿಗೊಂದು ಬಾಗಿಲು ಇಟ್ಟಿರುವುದು ಈ ಎರಡನೆಯ ಉದ್ದೇಶಕ್ಕಾಗಿ. ಮೊಳಕಾಲ್ಮೂರಿನ ಬಾಗಿಲು ಮುಚ್ಚಿದರೆ ಅಲ್ಲಿಯ ಮಕ್ಕಳು ಆಟ ಕಲಿಯುವ ಕಾರಣವನ್ನೇ ಕಳೆದುಕೊಳ್ಳುತ್ತಾರೆ. ಹತ್ತು ವರ್ಷಗಳ ನಂತರ "ಆ ಕಡೆ ಆಟಗಾರರೇ ಇಲ್ಲ" ಎಂದು ನಾವೇ ಹೇಳುತ್ತೇವೆ.

ಆ ತಾಲ್ಲೂಕಿನ ಬಂಡೆಗಳ ಮೇಲೆ ಇದಕ್ಕೆ ಹತ್ತಿರವಾದ ಒಂದು ಮಾತು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಇದೆ. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗರಾಮೇಶ್ವರ ಬೆಟ್ಟಗಳಲ್ಲಿ ಸಾಮ್ರಾಟ ಅಶೋಕನ ಕಿರು ಶಿಲಾಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ಪ್ರಯತ್ನದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರದ್ಧೆಯಿಂದ ಯತ್ನಿಸುವ ಚಿಕ್ಕವರಿಗೂ ಅದು ದೊರಕಬಲ್ಲದು ಎಂಬುದು ಅದರಲ್ಲಿರುವ ಆಶಯ. ಚಕ್ರವರ್ತಿಯೊಬ್ಬ ಇದನ್ನು ರಾಜಧಾನಿಯಿಂದ ಇಷ್ಟು ದೂರದ ಗುಡ್ಡಗಾಡಿನಲ್ಲಿ ಕೊರೆಯಿಸಿದನೆಂಬುದು ಯೋಚಿಸತಕ್ಕ ವಿಷಯ.

ಹಾಗೆಂದು ಚಳ್ಳಕೆರೆಯ ಎರಡನೆಯ ತಂಡದ ನೋವು ಸುಳ್ಳಾಗುವುದಿಲ್ಲ. ಒಂದು ಒಳ್ಳೆಯ ಉದ್ದೇಶಕ್ಕಾಗಿ ಇನ್ನೊಂದು ಒಳ್ಳೆಯದು ತ್ಯಾಗವಾಗಿದೆ. ತ್ಯಾಗ ಮಾಡಿದವರಿಗೆ ಅದು ತ್ಯಾಗವೆಂದು ಹೇಳುವ ಸೌಜನ್ಯವಾದರೂ ನಮಗಿರಬೇಕು. ಸಾಧ್ಯವಾದಲ್ಲಿ ಇನ್ನೊಂದು ಅವಕಾಶವನ್ನು ಕಲ್ಪಿಸಬೇಕು. ಅಮೆರಿಕದ ಪಂದ್ಯಾವಳಿ 2011ರಲ್ಲಿ ಹೀಗೊಂದು ದಾರಿ ಹುಡುಕಿತು: ಕೊನೆಯಲ್ಲಿ ಆಯ್ಕೆಯಾದ ನಾಲ್ಕು ತಂಡಗಳನ್ನು ಪರಸ್ಪರ ಆಡಿಸಿ, ಗೆದ್ದ ಎರಡನ್ನು ಮುಖ್ಯ ಕೂಟಕ್ಕೆ ಕಳುಹಿಸಿತು. ಸಂಶಯವಿರುವಲ್ಲಿ ಕೋಣೆಯಲ್ಲಿ ಕುಳಿತು ತೀರ್ಮಾನಿಸುವುದಕ್ಕಿಂತ ಅಂಗಳದಲ್ಲಿ ಇನ್ನೊಂದು ಪಂದ್ಯ ಆಡಿಸುವುದು ಮೇಲು. ಆದರೆ 64ನ್ನು 68 ಮಾಡಿದ ಮಾತ್ರಕ್ಕೆ ಹೊಸ್ತಿಲು ಮಾಯವಾಗಲಿಲ್ಲ. ಅರವತ್ತೊಂಬತ್ತನೆಯ ತಂಡ ಅಲ್ಲಿ ಬಂದು ನಿಂತಿತು.

ನಿಜವಾದ ಅನ್ಯಾಯ ಯಾವುದು?

ಗೆರೆ ಎಳೆಯುವುದೇ ಅನ್ಯಾಯವಲ್ಲವಾದರೆ ಅನ್ಯಾಯ ಎಲ್ಲಿದೆ? ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಹಂಚಿಕೆಯ ನ್ಯಾಯಕ್ಕೆ ವಿರುದ್ಧವಾದ ಪಾಪವನ್ನು ಹೆಸರಿಸಿ ವಿವರಿಸಿದ್ದಾರೆ. ಕನ್ನಡದಲ್ಲಿ ಅದಕ್ಕೆ 'ಮುಖದಾಕ್ಷಿಣ್ಯ' ಎಂಬ ಸುಂದರ ಪದವಿದೆ. ಒಬ್ಬನಿಗೆ ಬೋಧಕನ ಹುದ್ದೆಯನ್ನು ಅವನ ವಿದ್ವತ್ತನ್ನು ನೋಡಿ ಕೊಟ್ಟರೆ ಅದು ಕಾರಣವನ್ನು ನೋಡಿದಂತೆ. ಅವನು ಇಂಥವನು ಎಂದು ಕೊಟ್ಟರೆ ಮುಖವನ್ನು ನೋಡಿದಂತೆ. ಅವರು ಇನ್ನೂ ಒಂದು ಸೂಕ್ಷ್ಮವನ್ನು ಹೇಳುತ್ತಾರೆ: ಒಂದೇ ಸಂಗತಿ ಒಂದು ಕಡೆ ತಕ್ಕ ಕಾರಣವಾಗಿ ಇನ್ನೊಂದು ಕಡೆ ಮುಖದಾಕ್ಷಿಣ್ಯವಾಗಬಹುದು. ರಕ್ತಸಂಬಂಧ ಆಸ್ತಿ ಹಂಚುವಾಗ ಸರಿಯಾದ ಕಾರಣ. ಧರ್ಮಸಭೆಯ ಅಧಿಕಾರ ಹಂಚುವಾಗ ಅದು ಕಾರಣವೇ ಅಲ್ಲ.

ಇದನ್ನು ನಮ್ಮ ಅಂಗಳಕ್ಕೆ ತನ್ನಿ. ಮೊಳಕಾಲ್ಮೂರಿನವರು ಎಂಬ ಕಾರಣಕ್ಕೆ ಒಂದು ತಂಡಕ್ಕೆ ಬಾಗಿಲು ತೆರೆಯುವುದು ಮುಖದಾಕ್ಷಿಣ್ಯವಲ್ಲ. ಕೂಟದ ಉದ್ದೇಶಕ್ಕೆ ಆ ಊರು ಸಂಬಂಧಪಟ್ಟಿದೆ. ಆದರೆ ತಂಡದ ಹನ್ನೆರಡನೆಯ ಹೆಸರನ್ನು ಬರೆಯುವಾಗ ಹುಡುಗನ ಜಾತಿ, ತಂದೆಯ ಅಂತಸ್ತು, ಯಾರೋ ದೊಡ್ಡವರ ಶಿಫಾರಸು ಪತ್ರ ಲೇಖನಿಯನ್ನು ನಡೆಸಿದರೆ ಅದು ಕಳ್ಳತನವೇ ಸರಿ. ಅಂಚಿನಲ್ಲಿಯೇ ಈ ಕಳ್ಳತನ ಸುಲಭ. ಶ್ರೇಷ್ಠ ಆಟಗಾರನನ್ನು ಬಿಟ್ಟರೆ ಊರೆಲ್ಲ ಕೇಳುತ್ತದೆ. ಸರಿಸಮಾನರಾದ ಇಬ್ಬರಲ್ಲಿ ತನ್ನವನನ್ನು ಆರಿಸಿದರೆ ಯಾರೂ ಕೇಳಲಾರರು. "ಇಬ್ಬರೂ ಸಮವೇ ಇದ್ದರಲ್ಲ" ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಸಮಾನರ ನಡುವೆ ಆರಿಸುವಾಗಲೇ ಆರಿಸುವವರ ಮನಸ್ಸಾಕ್ಷಿಯ ನಿಜವಾದ ಪರೀಕ್ಷೆ.

ಆದ್ದರಿಂದ ಆಯ್ಕೆಯ ಕೆಲಸ ವಹಿಸಿಕೊಂಡವರಿಗೆ ಮೂರು ಕರ್ತವ್ಯಗಳಿವೆ. ಆ ಕೆಲಸ ಶಾಲೆಯದಾಗಿರಲಿ, ಗ್ರಾಮಸಭೆಯದಾಗಿರಲಿ, ನಮ್ಮ ಧರ್ಮಕೇಂದ್ರದ ಗಾಯನ ತಂಡದ್ದೇ ಆಗಿರಲಿ. ಅಳತೆ ಯಾವುದೆಂದು ಆಟಕ್ಕೆ ಮೊದಲೇ ಹೇಳಬೇಕು. ತನ್ನವರ ಹೆಸರು ಬಂದಾಗ ಎದ್ದು ಹೊರಗೆ ಹೋಗಬೇಕು. ಅಮೆರಿಕದ ಆ ಸಮಿತಿಯಲ್ಲಿಯೂ ತನ್ನ ವಿದ್ಯಾಲಯದ ಚರ್ಚೆ ನಡೆಯುವಾಗ ಸದಸ್ಯರು ಕೋಣೆಯಿಂದ ಹೊರನಡೆಯಬೇಕೆಂಬ ನಿಯಮವಿದೆ. ಹೊರಗುಳಿದವರು ಬಂದು ಕೇಳಿದಾಗ ಕಾರಣವನ್ನು ಅವರ ಮುಖ ನೋಡಿ ಹೇಳಬೇಕು. ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಹಂಚುವ ವಸ್ತು ಆಟದ ಸ್ಥಾನವಲ್ಲದೆ ಮನೆ, ಔಷಧಿ, ಅನ್ನ ಆಗಿದ್ದರೆ ಅಳತೆಯೇ ಬೇರೆ. ಅಲ್ಲಿ "ಇವರು ಏನು ಸಾಧಿಸಿದ್ದಾರೆ" ಎಂದು ಕೇಳಬಾರದು. "ಇವರಿಗೆ ಎಷ್ಟು ಅಗತ್ಯವಿದೆ" ಎಂದು ಕೇಳಬೇಕು.

ಆಯ್ಕೆಯಾಗದ ಜೋಸೆಫ್

ಪವಿತ್ರ ಗ್ರಂಥದಲ್ಲಿಯೂ ಒಂದು ಹೊಸ್ತಿಲಿನ ಪ್ರಸಂಗವಿದೆ. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯವನ್ನು ತೆರೆದು ನೋಡಿ. ಯೂದನ ಸ್ಥಾನ ತೆರವಾಗಿದೆ. ಸುಮಾರು 120 ಮಂದಿ ಸೇರಿದ್ದಾರೆ. ಪೇತ್ರ ಮೊದಲು ಅಳತೆಯನ್ನು ಸಾರುತ್ತಾನೆ: ಯೊವಾನ್ನನ ಸ್ನಾನದೀಕ್ಷೆಯ ದಿನಗಳಿಂದ ಪ್ರಭುವಿನ ಆರೋಹಣದವರೆಗೂ ಜೊತೆಯಲ್ಲಿದ್ದವನಾಗಿರಬೇಕು. ಈ ಅಳತೆಗೆ ಸರಿಹೊಂದಿದ ಇಬ್ಬರನ್ನು ಮುಂದೆ ನಿಲ್ಲಿಸುತ್ತಾರೆ. ಬಾರ್ಸಬ್ಬ ಎನಿಸಿಕೊಂಡ ಜೋಸೆಫ್ ಮತ್ತು ಮತ್ತೀಯ. ಸ್ಥಾನ ಒಂದೇ. ಯಾರು ಹೆಚ್ಚು ಯೋಗ್ಯರೆಂದು ಅವರು ವಾದಿಸಲಿಲ್ಲ. ಪ್ರಾರ್ಥಿಸಿ ಚೀಟಿ ಹಾಕಿದರು. ಚೀಟಿ ಮತ್ತೀಯನಿಗೆ ಬಂತು.

ಚೀಟಿಯ ವಿಷಯವನ್ನೂ ಅಕ್ವಿನಾಸರು ಚರ್ಚಿಸಿದ್ದಾರೆ. ಪವಿತ್ರಾತ್ಮರ ಆಗಮನದ ನಂತರ ಧರ್ಮಸಭೆಯ ಅಧಿಕಾರ ಸ್ಥಾನಗಳಿಗೆ ಅದು ಸಲ್ಲದೆಂದೂ, ಲೌಕಿಕ ವಿಷಯಗಳ ಹಂಚಿಕೆಯಲ್ಲಿ ಜನ ಬೇರೆ ದಾರಿ ಕಾಣದಾಗ ಸಲ್ಲಬಹುದೆಂದೂ ಅವರ ಅಭಿಪ್ರಾಯ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಗಳಲ್ಲಿ ಇಬ್ಬರಿಗೆ ಸಮಾನ ಮತಗಳು ಬಿದ್ದಾಗ ಇಂದಿಗೂ ಚೀಟಿ ಎತ್ತುತ್ತಾರೆ. ಚೀಟಿಗೆ ಒಂದು ದೊಡ್ಡ ಗುಣವಿದೆ. ಅದು ಗೆದ್ದವನಿಗೆ "ನೀನೇ ಮೇಲು" ಎಂದು ಹೇಳುವುದಿಲ್ಲ. ಸೋತವನಿಗೆ "ನೀನು ಕೀಳು" ಎಂದೂ ಹೇಳುವುದಿಲ್ಲ.

ಆ ಜೋಸೆಫ್ ಮುಂದೇನಾದನೆಂದು ಗ್ರಂಥ ತಿಳಿಸುವುದಿಲ್ಲ. ಆದರೆ ಅವನನ್ನು ಅನರ್ಹನೆಂದೂ ಅದು ಎಲ್ಲಿಯೂ ಕರೆಯುವುದಿಲ್ಲ. ಅಳತೆಗೆ ಸರಿಹೊಂದಿದವನೆಂಬ ಅವನ ಗೌರವ ಚೀಟಿ ಬಿದ್ದ ಮೇಲೂ ಹಾಗೆಯೇ ಉಳಿದಿದೆ. ಯೋಗ್ಯತೆ ಬೇರೆ, ಆಯ್ಕೆ ಬೇರೆ ಎಂಬುದಕ್ಕೆ ಅವನೇ ಸಾಕ್ಷಿ. ಮತ್ತೀಯನೂ ಅಂದು ತನ್ನ ಸ್ಥಾನವನ್ನು ಬರೀ ತನ್ನ ಗಳಿಕೆಯೆಂದು ಎಣಿಸುವಂತಿರಲಿಲ್ಲ. ಅದೇ ಯೋಗ್ಯತೆಯ ಇನ್ನೊಬ್ಬ ಪಕ್ಕದಲ್ಲಿಯೇ ನಿಂತಿದ್ದನಲ್ಲ!

ಪ್ರಿಯ ತಂದೆತಾಯಂದಿರೇ, ಈ ಲೇಖನವನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದವರು ನೀವೇ. ಪಟ್ಟಿಯಲ್ಲಿ ಹೆಸರಿಲ್ಲದ ಮಗು ಸಂಜೆ ಮನೆಗೆ ಬಂದಾಗ ಎರಡು ಮಾತುಗಳು ನಿಮ್ಮ ಬಾಯಿಗೆ ಬರುತ್ತವೆ. "ನಿನಗೆ ಮೋಸ ಮಾಡಿದರು" ಎಂಬುದು ಒಂದು. ಮೋಸ ನಡೆದದ್ದು ನಿಮಗೆ ಖಚಿತವಾಗಿ ತಿಳಿದಿದ್ದರೆ ಮಗುವಿನ ಮುಂದೆ ಗೊಣಗಬೇಡಿ. ಹೋಗಿ ಸಂಬಂಧಪಟ್ಟವರನ್ನು ಕೇಳಿ, ಲಿಖಿತವಾಗಿ ಕೇಳಿ. ಅದು ನಿಮ್ಮ ಮಗುವಿಗಷ್ಟೇ ಅಲ್ಲ, ಮುಂದಿನ ವರ್ಷದ ಮಕ್ಕಳಿಗೂ ಮಾಡುವ ಉಪಕಾರ. ತಿಳಿಯದೆ ಹಾಗೆ ಹೇಳಿದರೆ, ಸೋಲನ್ನೆಲ್ಲ ಸಂಚೆಂದು ಓದುವ ಕಹಿಯನ್ನು ಎಳೆಯ ಮನಸ್ಸಿನಲ್ಲಿ ಬಿತ್ತುತ್ತೀರಿ. "ನಿನ್ನ ಯೋಗ್ಯತೆಯೇ ಅಷ್ಟು" ಎಂಬುದು ಇನ್ನೊಂದು ಮಾತು. ಅದು ಕ್ರೂರವಷ್ಟೇ ಅಲ್ಲ, ಬಹುತೇಕ ಸಂದರ್ಭಗಳಲ್ಲಿ ಸುಳ್ಳು ಕೂಡ.

ಇವೆರಡರ ನಡುವೆ ನಿಜವಾದ ಮೂರನೆಯ ಮಾತೊಂದಿದೆ: "ಸ್ಥಾನ ಕಡಿಮೆ ಇತ್ತು, ಯೋಗ್ಯರು ಹೆಚ್ಚಿದ್ದರು. ನೀನು ಆ ಯೋಗ್ಯರಲ್ಲಿ ಒಬ್ಬ. ಈಗ ಕೈಕಾಲು ತೊಳೆದು ಊಟಕ್ಕೆ ಬಾ." ಪಟ್ಟಿಯಲ್ಲಿ ಹೆಸರಿರುವ ಮಗುವಿನ ಮನೆಯಲ್ಲಿಯೂ ಒಂದು ಮಾತು ಬೇಕು. ಸಿಹಿ ಹಂಚಿ, ಧಾರಾಳವಾಗಿ ಹಂಚಿ. ಆದರೆ ಆ ಸಿಹಿಯ ಒಂದು ಪಾಲನ್ನು, ಒಂದೇ ಅಂಕದಿಂದ ಹೊರಗುಳಿದ ಗೆಳೆಯನ ಮನೆಗೆ ನಿಮ್ಮ ಮಗುವಿನ ಕೈಯಲ್ಲಿಯೇ ಕಳುಹಿಸಿ. ಅಲ್ಲಿ ಏನು ಹೇಳಬೇಕೆಂದು ಮಗು ಕೇಳಿದರೆ, ಏನೂ ಹೇಳುವುದು ಬೇಡ, ಕೊಟ್ಟು ಸ್ವಲ್ಪ ಹೊತ್ತು ಜೊತೆಯಲ್ಲಿ ಕುಳಿತು ಬಾ ಎನ್ನಿ.